ಪರದೇಶದ ಉದ್ಯೋಗಕ್ಕೆ ನಿಮ್ಮ ಬಯೋಡೇಟಾ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ – ಈ ಊರುಗಳಲ್ಲಿ ಎಲ್ಲಿ ಕಾಲೇಜು ಇದೆಯೋ ಅದರ ಆಸುಪಾಸಿನಲ್ಲಿ ಒಂದು ಝೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇದ್ದೇ ಇರುತ್ತದೆ. "ಅಣ್ಣಾ, ಒಂದು ಬಯೋಡೇಟಾ ಮಾಡಿ ಕೊಡ್ರಿ" ಎಂದು ನೀವು ಕೇಳಿದ ಕೂಡಲೇ ಅಂಗಡಿಯವರು ಕಂಪ್ಯೂಟರಿನಲ್ಲಿ ಮೊದಲೇ ಇರುವ ಒಂದು ಫೈಲನ್ನು ತೆರೆಯುತ್ತಾರೆ. ಹಿಂದೆ ಬಂದು ಹೋದ ಯಾವನೋ ಹುಡುಗನ ಹೆಸರನ್ನು ಅಳಿಸಿ ನಿಮ್ಮ ಹೆಸರು ಹೊಡೆಯುತ್ತಾರೆ. ತಂದೆಯ ಹೆಸರು, ಜನ್ಮ ದಿನಾಂಕ, ಅಂಕಗಳು ಬದಲಾಗುತ್ತವೆ. 'ಉದ್ದೇಶ' ಎಂಬ ತಲೆಬರಹದ ಕೆಳಗಿನ ಎರಡು ಸಾಲು ಇಂಗ್ಲಿಷ್ ಮಾತ್ರ ಹಾಗೆಯೇ ಉಳಿಯುತ್ತದೆ. ಅದರ ಅರ್ಥವನ್ನು ಅಂಗಡಿಯವರೂ ಕೇಳಿಲ್ಲ, ನೀವೂ ಕೇಳಿಲ್ಲ. ಹವ್ಯಾಸಗಳು: ಕ್ರಿಕೆಟ್ ಆಡುವುದು, ಹಾಡು ಕೇಳುವುದು. ಕೊನೆಗೆ, ಮೇಲಿನ ವಿವರಗಳೆಲ್ಲ ನಿಜವೆಂದು ಒಂದು ಘೋಷಣೆ. ಅದರ ಕೆಳಗೆ ಸ್ಥಳ, ದಿನಾಂಕ, ಸಹಿ.

ಈ ಹಾಳೆ ಬಾಗಲಕೋಟೆಯ ಒಂದು ಕಚೇರಿಗೂ ಹೋಗುತ್ತದೆ, ಪಕ್ಕದ ಸಕ್ಕರೆ ಕಾರ್ಖಾನೆಗೂ ಹೋಗುತ್ತದೆ. ಈಗ ಇ-ಮೇಲ್ ಇರುವುದರಿಂದ ಅದೇ ಹಾಳೆ ದುಬೈಗೂ ಜರ್ಮನಿಗೂ ಉಗಾಂಡಕ್ಕೂ ಹೋಗುತ್ತದೆ. ಊರಿನಲ್ಲಿ ಅದು ಕೆಲಸ ಮಾಡುತ್ತದೆ. ಗಡಿ ದಾಟಿದ ಮೇಲೆ ಅದಕ್ಕೆ ಉತ್ತರವೇ ಬರುವುದಿಲ್ಲ. ಹುಡುಗರು "ನನಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಆಗಲಿಲ್ಲ" ಎಂದುಕೊಳ್ಳುತ್ತಾರೆ. ಬಹಳ ಸಲ ಕಾರಣ ಇಂಗ್ಲಿಷ್ ಅಲ್ಲ. ದೂರದರ್ಶನದ ಮಾತುಕತೆಯಲ್ಲಿ ಇಂಥ ವಿಷಯಕ್ಕೆ ಸಿಗುವ ಸಮಯ ಕಡಿಮೆ; ಬಿಡಿಸಿ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೀ ಯಾರ ಪೈಕಿ?

ನಮ್ಮ ಕಡೆ ಹೊಸಬರು ಎದುರಾದರೆ ಹಿರಿಯರು ಕೇಳುವ ಮೊದಲ ಪ್ರಶ್ನೆ, "ನೀ ಯಾರ ಪೈಕಿ ತಮ್ಮಾ? ಯಾವೂರು?" ಎಂಬುದು. ತಂದೆಯ ಹೆಸರು, ಅಡ್ಡಹೆಸರು, ಊರು ಹೇಳಿದರೆ ಸಾಕು. ಕೇಳಿದವರಿಗೆ ನಿಮ್ಮ ಪರಿಚಯವಾಗಿಬಿಡುತ್ತದೆ. ನಮ್ಮ ಬಯೋಡೇಟಾ ಈ ಪ್ರಶ್ನೆಗೆ ಬರೆದ ಉತ್ತರ. ಆದುದರಿಂದಲೇ ಅದರಲ್ಲಿ ತಂದೆಯ ಹೆಸರು, ಧರ್ಮ, ಜಾತಿ, ವಿವಾಹಿತರೇ ಅಲ್ಲವೇ, ಸ್ವಂತ ಊರು ಇವೆಲ್ಲ ಮೇಲಕ್ಕೆ ಬಂದು ಕೂಡುತ್ತವೆ.

ಇದು ಇಂದಿನದಲ್ಲ. ಮುಧೋಳದ ರನ್ನನನ್ನೇ ನೆನೆಯಿರಿ. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಆತ ಓದಿನ ಹಂಬಲದಿಂದ ಗಂಗರ ನಾಡಿಗೆ, ಶ್ರವಣಬೆಳಗೊಳಕ್ಕೆ ಹೋದ. ಅಂದಿನ ಲೆಕ್ಕದಲ್ಲಿ ಅದು ಪರರಾಜ್ಯವೇ. ಮುಂದೆ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ 'ಅಜಿತಪುರಾಣ' ಬರೆದಾಗ ಅದರಲ್ಲಿ ತನ್ನ ಊರು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ, ಒಡಹುಟ್ಟಿದವರು, ಹೆಂಡಂದಿರು, ಮಕ್ಕಳು ಎಲ್ಲವನ್ನೂ ಹೇಳಿಕೊಂಡಿದ್ದಾನೆ. ಮಕ್ಕಳಿಗೆ ರಾಯ ಮತ್ತು ಅತ್ತಿಮಬ್ಬೆ ಎಂದು ಆಶ್ರಯದಾತರ ಹೆಸರನ್ನೇ ಇಟ್ಟವನು ಆತ! ಅವನ ಕಾಲದ ಓದುಗರಿಗೆ ಇವೆಲ್ಲ ಬೇಕಾಗಿದ್ದವು. ಹುಟ್ಟು, ಗುರು, ಆಶ್ರಯ ತಿಳಿಯದೆ ಒಬ್ಬ ಮನುಷ್ಯನನ್ನು ಅಳೆಯುವ ಬೇರೆ ದಾರಿ ಅವರಿಗೆ ಇರಲಿಲ್ಲ.

ಇಂದು ಟೊರೊಂಟೊದಲ್ಲಿಯೋ ಕಂಪಾಲದಲ್ಲಿಯೋ ಕುಳಿತು ನಿಮ್ಮ ಹಾಳೆಯನ್ನು ನೋಡುವವರಿಗೆ ನಿಮ್ಮ ತಂದೆ ಯಾರೆಂದು ತಿಳಿದರೂ ಏನೂ ಉಪಯೋಗವಿಲ್ಲ. ಅವರು ಕೇಳುವುದು ಮೂರೇ ಮಾತು. ನಿಮಗೆ ಏನು ಕೆಲಸ ಬರುತ್ತದೆ? ಅದನ್ನು ಎಲ್ಲಿ, ಎಷ್ಟು ದಿನ, ಎಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿದ್ದೀರಿ? ಅದು ನಿಜವೆಂದು ಯಾರು ಹೇಳುತ್ತಾರೆ? ಊರಿನವರಿಗೆ ಹೇಳದೆಯೇ ತಿಳಿಯುವುದನ್ನು ಅಲ್ಲಿಯವರಿಗೆ ಬಿಡಿಸಿ ಹೇಳಬೇಕು. ಊರಿನವರಿಗೆ ತಪ್ಪದೆ ಹೇಳುವುದನ್ನು ಅಲ್ಲಿ ಬಿಡಬೇಕು. ರೆಸ್ಯೂಮನ್ನು ಬೇರೆ ದೇಶಕ್ಕೆ ಹೊಂದಿಸುವುದೆಂದರೆ ಹೆಚ್ಚುಕಡಿಮೆ ಇಷ್ಟೇ.

ಯಾವುದನ್ನು ಬಿಡಬೇಕು?

ಇದಕ್ಕೆ ಎಲ್ಲ ದೇಶಗಳಿಗೂ ಒಂದೇ ಉತ್ತರವಿಲ್ಲ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಣ್ಣ, ಜನಾಂಗ, ಧರ್ಮ, ಲಿಂಗ, ಮೂಲದೇಶ ನೋಡಿ ಕೆಲಸ ನಿರಾಕರಿಸುವುದನ್ನು ನಿಷೇಧಿಸಿತು. 1967ರ ಇನ್ನೊಂದು ಕಾಯ್ದೆ ನಲವತ್ತು ದಾಟಿದವರ ವಿಷಯದಲ್ಲಿ ವಯಸ್ಸಿನ ಭೇದವನ್ನು ತಡೆಯಿತು. ಆದುದರಿಂದ ಅಲ್ಲಿನ ಕಂಪನಿಗಳು ಭಾವಚಿತ್ರ, ವಯಸ್ಸು, ಧರ್ಮ, ಮದುವೆ ಇವು ಕಾಣುವ ರೆಸ್ಯೂಮನ್ನು ಮುಟ್ಟಲು ಹೆದರುತ್ತವೆ. ನಾಳೆ ಯಾರಾದರೂ "ಇದನ್ನು ನೋಡಿಯೇ ನನ್ನನ್ನು ಬಿಟ್ಟರು" ಎಂದು ಕೋರ್ಟಿಗೆ ಹೋದಾರು ಎಂಬ ಅಂಜಿಕೆ. ಕೆನಡಾದ ರೂಢಿಯೂ ಹೀಗೆಯೇ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಇದೆ. ಅಲ್ಲಿ ಇದನ್ನು ಸಿ.ವಿ. ಎನ್ನುತ್ತಾರೆ, ಎರಡು ಪುಟ ಮೀರಬಾರದು. ಜರ್ಮನಿಯಲ್ಲಿ ಭಾವಚಿತ್ರ ಅಂಟಿಸಿ, ಕೊನೆಗೆ ತಾರೀಕು ಹಾಕಿ ಸಹಿ ಮಾಡುವ ಹಳೆಯ ಪದ್ಧತಿ ಇತ್ತು. 2006ರ ಸಮಾನ ವರ್ತನೆಯ ಕಾಯ್ದೆ ಬಂದ ಮೇಲೆ ಭಾವಚಿತ್ರವನ್ನು ಕಡ್ಡಾಯವಾಗಿ ಕೇಳುವುದು ನಿಂತಿದೆ. ಆದರೂ ಈಗಲೂ ಅನೇಕರು ಹಾಕುತ್ತಾರೆ.

ಜಪಾನಿನದು ಇನ್ನೊಂದು ಕಥೆ. ಅಲ್ಲಿ 'ರಿರೆಕಿಶೊ' ಎಂಬ ಅಚ್ಚಾದ ನಮೂನೆ ಇದೆ. ಅದರ ಮನೆಗಳನ್ನು ತುಂಬಬೇಕು, ಭಾವಚಿತ್ರವನ್ನು ಅಂಟಿಸಬೇಕು, ಓದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಬರೆಯಬೇಕು. 2021ರಲ್ಲಿ ಅಲ್ಲಿನ ಕಾರ್ಮಿಕ ಸಚಿವಾಲಯ ಹೊಸ ಮಾದರಿ ಕೊಟ್ಟು, ಗಂಡೋ ಹೆಣ್ಣೋ ಎಂದು ಬರೆಯುವುದನ್ನು ಅರ್ಜಿದಾರರ ಇಚ್ಛೆಗೆ ಬಿಟ್ಟಿತು. ಅಮೆರಿಕ, ಬ್ರಿಟನ್ನುಗಳಲ್ಲಿ ಕ್ರಮ ತಿರುವುಮುರುವು: ಈಗಿನ ಕೆಲಸ ಮೇಲೆ, ಹಳೆಯದು ಕೆಳಗೆ.

ಕೊಲ್ಲಿ ದೇಶಗಳು ನಮಗೆ ಹೆಚ್ಚು ಹತ್ತಿರ. ದುಬೈ, ಕತಾರ್, ಸೌದಿ ಅರೇಬಿಯಗಳ ಕಂಪನಿಗಳು ಸಾಮಾನ್ಯವಾಗಿ ಭಾವಚಿತ್ರ, ಹುಟ್ಟಿದ ದಿನ, ರಾಷ್ಟ್ರೀಯತೆ, ಪಾಸ್‌ಪೋರ್ಟಿನ ಅವಧಿ, ವೀಸಾ ಸ್ಥಿತಿ, ವಾಹನ ಚಾಲನೆಯ ಪರವಾನಗಿ, ಎಂದಿನಿಂದ ಕೆಲಸಕ್ಕೆ ಬರಬಲ್ಲಿರಿ ಎಂಬುದನ್ನು ನಿರೀಕ್ಷಿಸುತ್ತವೆ. ಅವನ್ನು ಅಮೆರಿಕದ ನಿಯಮ ಓದಿ ಬಿಟ್ಟರೆ ಅಲ್ಲಿ ನಿಮ್ಮ ಹಾಳೆ ಅರೆಬರೆ ಕಾಣುತ್ತದೆ. ಆದರೆ ಎಲ್ಲಿಗೇ ಕಳಿಸಿದರೂ ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಬ್ಯಾಂಕಿನ ಖಾತೆ ಇವನ್ನು ರೆಸ್ಯೂಮಿನಲ್ಲಿ ಬರೆಯಬೇಡಿ. ಆ ಹಾಳೆ ಯಾರ ಯಾರ ಕೈಗೆ ಹೋಗುತ್ತದೋ ನಿಮಗೆ ಗೊತ್ತಿಲ್ಲ.

ಮೂರು ಹಂಗಾಮು ಎಂದರೆ ಏನು?

ಈಗ ಹೆಚ್ಚು ಮುಖ್ಯವಾದ ಮಾತಿಗೆ ಬರೋಣ. ಬಿಡುವುದು ಸುಲಭ, ಸೇರಿಸುವುದು ಕಷ್ಟ.

ಮುಧೋಳದ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಐ.ಟಿ.ಐ. ಫಿಟ್ಟರ್ ಮುಗಿಸಿದ್ದಾನೆ, ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದಾನೆ. ಈ ಸೀಮೆಯಲ್ಲಿ ಇಂಥವರಿಗೆ ಬರವಿಲ್ಲ. ಮುಧೋಳ, ಜಮಖಂಡಿ, ಸಮೀರವಾಡಿಗಳಲ್ಲಿ ಕಾರ್ಖಾನೆಗಳಿವೆ, ಘಟಪ್ರಭಾ-ಕೃಷ್ಣೆಯರ ನಡುವೆ ಕಬ್ಬು ಇದೆ. ಈ ಕೆಲಸ ಬಲ್ಲವರಿಗೆ ಪರದೇಶದಲ್ಲಿಯೂ ಸ್ಥಾನವಿದೆ. ಉಗಾಂಡದಲ್ಲಿ ಗುಜರಾತದಿಂದ ಹೋದ ನಾನ್ಜಿ ಕಾಲಿದಾಸ ಮೆಹ್ತಾ 1924ರಲ್ಲಿ ಲುಗಾಜಿಯಲ್ಲಿ, ಮುಲ್ಜಿಭಾಯಿ ಮಾಧ್ವಾನಿ 1930ರಲ್ಲಿ ಕಕೀರಾದಲ್ಲಿ ಸಕ್ಕರೆ ಕಾರ್ಖಾನೆ ಕಟ್ಟಿದರು. ಪೂರ್ವ ಆಫ್ರಿಕದ ಸಕ್ಕರೆಗೆ ಭಾರತದ ತಂತ್ರಜ್ಞರ ನಂಟು ಅಂದಿನಿಂದ ಇದೆ.

ನಮ್ಮ ಹುಡುಗ ತನ್ನ ಹಾಳೆಯಲ್ಲಿ ಹೀಗೆ ಬರೆಯುತ್ತಾನೆ: "ಮೂರು ಸೀಸನ್ ಮಿಲ್ ಹೌಸ್‌ನಲ್ಲಿ ಕೆಲಸ ಮಾಡಿದ ಅನುಭವ. ಎಲ್ಲ ಕೆಲಸ ಬರುತ್ತದೆ."

ಊರಿನಲ್ಲಿ ಇದನ್ನು ಓದಿದವರಿಗೆ ಚಿತ್ರ ಪೂರ್ತಿ ಕಾಣುತ್ತದೆ. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್-ನವೆಂಬರಿನಲ್ಲಿ ಸುರುವಾಗಿ ಮಾರ್ಚ್-ಏಪ್ರಿಲ್ ತನಕ ನಡೆಯುತ್ತದೆ. ಉಳಿದ ತಿಂಗಳಲ್ಲಿ ಯಂತ್ರಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡುತ್ತಾರೆ. ಇದು ನಮಗೆ ಗೊತ್ತು. ದೂರದ ಓದುಗರಿಗೆ ಗೊತ್ತಿಲ್ಲ. ಭೂಮಧ್ಯರೇಖೆಯ ಮೇಲಿರುವ ಉಗಾಂಡ, ಕೆನ್ಯಾಗಳಲ್ಲಿ ಕಬ್ಬು ವರ್ಷದ ಬಹುಭಾಗ ಬರುತ್ತಲೇ ಇರುತ್ತದೆ. ದಕ್ಷಿಣ ಗೋಲಾರ್ಧದ ಕೆಲವು ದೇಶಗಳಲ್ಲಿ ಹಂಗಾಮು ಏಪ್ರಿಲಿನಲ್ಲಿ ಆರಂಭವಾಗುತ್ತದೆ. ಅಂಥವರಿಗೆ ನಿಮ್ಮ 'ಮೂರು ಸೀಸನ್' ಎಂದರೆ ಮೂರು ಸಲ ನಾಲ್ಕೈದು ತಿಂಗಳ ಕೂಲಿ, ನಡುವೆಲ್ಲ ಮನೆಯಲ್ಲಿ ಕುಳಿತದ್ದು ಎಂದು ತೋರಿದರೆ ಅವರ ತಪ್ಪಲ್ಲ.

ಅದೇ ಹುಡುಗ, ಒಂದಕ್ಷರ ಸುಳ್ಳು ಸೇರಿಸದೆ, ಹೀಗೆ ಬರೆಯಬಹುದಿತ್ತು: "2021 ಅಕ್ಟೋಬರ್‌ನಿಂದ 2024 ಸೆಪ್ಟೆಂಬರ್‌ವರೆಗೆ, ಮೂರು ವರ್ಷ ನಿರಂತರ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆ. ಹುದ್ದೆ: ಮಿಲ್ ಹೌಸ್ ಫಿಟ್ಟರ್. ಹಂಗಾಮಿನಲ್ಲಿ ಎಂಟು ಗಂಟೆಯ ಪಾಳಿ; ಮಿಲ್ ನಿಂತಾಗ ದೋಷ ಹುಡುಕಿ ಸರಿಪಡಿಸುವುದು. ಹಂಗಾಮು ಮುಗಿದ ಮೇಲೆ ರೋಲರ್, ಬೇರಿಂಗ್, ಪಂಪುಗಳನ್ನು ಬಿಚ್ಚಿ, ಅಳತೆ ನೋಡಿ, ಮತ್ತೆ ಜೋಡಿಸುವುದು. ಮೇಲಧಿಕಾರಿ: ಮಿಲ್ ಹೌಸ್ ಎಂಜಿನಿಯರ್."

ಇಲ್ಲಿರುವ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಕಾರ್ಖಾನೆಯ ಸಾಮರ್ಥ್ಯ ಎಷ್ಟೋ ಅದನ್ನೇ ಬರೆಯಿರಿ. ಎರಡು ಬರಹಗಳಿಗೂ ಇರುವ ವ್ಯತ್ಯಾಸ ನೋಡಿದಿರಾ? 'ಎಲ್ಲ ಕೆಲಸ ಬರುತ್ತದೆ' ಎಂಬ ಮಾತು ಹೊರಗಿನವರ ಕಿವಿಗೆ 'ಯಾವುದೂ ಸರಿಯಾಗಿ ಬರುವುದಿಲ್ಲ' ಎಂದು ಕೇಳಿಸುತ್ತದೆ. ಬೇರಿಂಗ್ ಬಿಚ್ಚಿ ಜೋಡಿಸಿದ್ದೇನೆ ಎಂದರೆ ನಂಬುತ್ತಾರೆ. ಬಾಯ್ಲರ್ ಅಟೆಂಡೆಂಟ್ ಸರ್ಟಿಫಿಕೇಟ್ ಇದ್ದವರು ಅದರ ದರ್ಜೆ ಬರೆದು ಸುಮ್ಮನಾಗಬಾರದು. ಅದು ಸರ್ಕಾರ ನಡೆಸುವ ಪರೀಕ್ಷೆ ಪಾಸಾದ ಮೇಲೆ ಸಿಗುವಂಥದು ಎಂದು ಒಂದು ಸಾಲು ಸೇರಿಸಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಓದಿದವರು ಸಂಸ್ಥೆಯ ಹೆಸರಿನ ಜೊತೆಗೆ ಕೋರ್ಸಿನ ಅವಧಿಯನ್ನೂ ಕಲಿತ ವಿಷಯಗಳನ್ನೂ ಬರೆಯಬೇಕು. ನಮ್ಮಲ್ಲಿ ಹೆಸರೇ ಸಾಕು, ಅಲ್ಲಿ ಸಾಲದು.

ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೂ ಇದೇ ಮಾತು. 'ಸ್ಟಾಫ್ ನರ್ಸ್, ಎರಡು ವರ್ಷ' ಎಂದರೆ ಬ್ರಿಟನ್ನಿನವರಿಗಾಗಲಿ ಕೊಲ್ಲಿಯವರಿಗಾಗಲಿ ಏನೂ ತಿಳಿಯುವುದಿಲ್ಲ. ಎಷ್ಟು ಹಾಸಿಗೆಯ ಆಸ್ಪತ್ರೆ, ಯಾವ ವಾರ್ಡು, ಒಂದು ಪಾಳಿಯಲ್ಲಿ ಎಷ್ಟು ರೋಗಿಗಳು ನಿಮ್ಮ ಪಾಲಿಗೆ, ಯಾವ ಯಂತ್ರಗಳನ್ನು ಬಳಸಿದ್ದೀರಿ – ಅವರು ಮೊದಲು ಹುಡುಕುವುದು ಇದನ್ನು.

ಮಗ್ಗದ ಮನೆಯ ಅನುಭವ

ರಬಕವಿ-ಬನಹಟ್ಟಿಯ ಮಕ್ಕಳ ತೊಂದರೆ ಬೇರೆ. ಮನೆಯಲ್ಲಿಯೇ ಮಗ್ಗ. ಹತ್ತು ವರ್ಷದ ಹುಡುಗಿಯೂ ಅಜ್ಜಿಯ ಪಕ್ಕ ಕುಳಿತು ಕಂಡಿಕೆ ಸುತ್ತುವುದನ್ನು ನೋಡಿ ಬೆಳೆದಿರುತ್ತಾಳೆ. ಹಾಸು, ಹೊಕ್ಕು, ಲಾಳಿ, ಹಣಿಗೆ ಇವು ಪಾಠವಲ್ಲ, ಮನೆಮಾತು. ಮುಂದೆ ಬಿ.ಕಾಂ. ಮಾಡುತ್ತಾ ತಂದೆಯ ಪವರ್‌ಲೂಮಿನ ಲೆಕ್ಕವನ್ನೂ ನೋಡುತ್ತಾಳೆ: ನೂಲು ಎಷ್ಟು ಬಂತು, ಸೀರೆ ಎಷ್ಟು ಇಳಿಯಿತು, ಕೆಲಸಗಾರರಿಗೆ ಎಷ್ಟು ಕೊಡಬೇಕು. ಆದರೆ ಬಯೋಡೇಟಾ ಬರೆಯುವಾಗ 'ಅನುಭವ: ಇಲ್ಲ' ಎಂದು ಬರೆಯುತ್ತಾಳೆ!

ಇದು ವಿನಯವಲ್ಲ, ಇದ್ದದ್ದನ್ನು ಇಲ್ಲ ಎನ್ನುವುದು. ಮನೆಯ ಉದ್ಯೋಗದಲ್ಲಿ ಮಾಡಿದ ಕೆಲಸವೂ ಕೆಲಸವೇ. 'ಕುಟುಂಬದ ಪವರ್‌ಲೂಮ್ ಘಟಕ' ಎಂದು ಸ್ಪಷ್ಟವಾಗಿ ಹೇಳಿ, ಮಗ್ಗಗಳು ಎಷ್ಟು, ಯಾವ ಬಗೆಯವು, ಜಕಾರ್ಡ್ ಇತ್ತೋ ಇಲ್ಲವೋ, ನೀವು ಮಾಡುತ್ತಿದ್ದುದು ನೇಯ್ಗೆಯೋ ಲೆಕ್ಕವೋ ಬಟ್ಟೆಯ ದೋಷ ನೋಡುವುದೋ, ವಾರಕ್ಕೆ ಎಷ್ಟು ತಾಸು – ಬರೆಯಿರಿ. ಓದಿನ ಜೊತೆಗೆ ಮಾಡಿದ್ದೆಂದೂ ಬರೆಯಿರಿ. ಇದಕ್ಕೆ ಅನುಭವ ಪತ್ರ ಕೊಡುವವರು ಯಾರು? ಅಪ್ಪನೇ ಮಗಳಿಗೆ ಪತ್ರ ಬರೆದುಕೊಟ್ಟರೆ ಹೊರಗಿನವರು ಒಪ್ಪುವುದು ಕಷ್ಟ. ನೂಲು ಕೊಡುವ ವ್ಯಾಪಾರಿ, ಸೀರೆ ಕೊಳ್ಳುವ ವ್ಯಾಪಾರಿ, ನೇಕಾರರ ಸಹಕಾರಿ ಸಂಘದವರು – ಇಂಥ ಹೊರಗಿನವರ ಮಾತಿಗೆ ಬೆಲೆ ಹೆಚ್ಚು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಕೌಶಲ ವಿಕಾಸ ಯೋಜನೆಯಲ್ಲಿ, ಶಾಲೆಯಲ್ಲಿ ಕಲಿಯದೆ ಕೆಲಸದಲ್ಲಿಯೇ ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡನ್ನೂ ಸೇರಿಸಿದ್ದರು. ಜಿಲ್ಲಾ ಕೌಶಲ ಕಚೇರಿಯಲ್ಲಿ ವಿಚಾರಿಸಿ ನೋಡಿ.

ಇನ್ನೊಂದು ಆಸ್ತಿ ನಮ್ಮ ಕಡೆಯವರಲ್ಲಿದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಜಮಖಂಡಿಯ ಪೇಟೆಯಲ್ಲಿ ಬೆಳೆದವರಿಗೆ ಕನ್ನಡದ ಜೊತೆ ಮರಾಠಿ ಬರುತ್ತದೆ, ಹಿಂದಿ ಬರುತ್ತದೆ, ಉರ್ದು ತಿಳಿಯುತ್ತದೆ. ಹತ್ತು ನಾಡಿನ ಕೆಲಸಗಾರರು ಸೇರುವ ಕೊಲ್ಲಿಯ ಕಾಮಗಾರಿಯಲ್ಲಿ ಹಿಂದಿ-ಉರ್ದು ಬಲ್ಲ ಮೇಲ್ವಿಚಾರಕನಿಗೆ ಎಷ್ಟು ಅನುಕೂಲ! 'ಗೊತ್ತಿರುವ ಭಾಷೆಗಳು' ಎಂದು ಪಟ್ಟಿ ಮಾಡಿ ಬಿಡದೆ, ಮಾತಾಡಲು, ಓದಲು, ಬರೆಯಲು ಯಾವುದು ಎಷ್ಟು ಬರುತ್ತದೆಂದು ಬೇರೆ ಬೇರೆ ಹೇಳಿ. ಯುರೋಪಿನವರು ಭಾಷಾಜ್ಞಾನವನ್ನು ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲಾಗಿ ಅಳೆಯುತ್ತಾರೆ. ಜರ್ಮನ್ ಕಲಿತವರು ಪರೀಕ್ಷೆ ಪಾಸಾದ ಮೆಟ್ಟಿಲನ್ನೇ ಬರೆಯಬೇಕು, ಹತ್ತುತ್ತಿರುವ ಮೆಟ್ಟಿಲನ್ನಲ್ಲ.

ಹೆಸರು, ತಾರೀಕು, ಅಂಕ

ಸಣ್ಣವೆಂದು ಕಾಣುವ ಈ ಸಂಗತಿಗಳೇ ಮುಂದೆ ವೀಸಾ ಕಚೇರಿಯಲ್ಲಿ ಕಾಲು ಹಿಡಿದು ಎಳೆಯುತ್ತವೆ.

ನಮ್ಮ ಕಡೆ ಹೆಸರಿಗೆ ಮೂರು ಭಾಗ: ತನ್ನದು, ತಂದೆಯದು, ಅಡ್ಡಹೆಸರು. ಕೆಲವರ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮುಂದೆ ಬಂದಿದೆ, ಕೆಲವರದರಲ್ಲಿ ಹಿಂದೆ. ಕೆಲವು ಕಡೆ ತಂದೆಯ ಹೆಸರು ಒಂದು ಅಕ್ಷರವಾಗಿ ಕುಗ್ಗಿದೆ. ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಎರಡೇ ಮನೆ. ಅಲ್ಲಿ ಹೇಗಿದೆಯೋ ರೆಸ್ಯೂಮಿನಲ್ಲಿಯೂ ಹಾಗೆಯೇ, ಅದೇ ಕಾಗುಣಿತದಲ್ಲಿ ಬರೆಯಿರಿ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರು ಇದ್ದ ಪ್ರಯಾಣಿಕರನ್ನು ಸಂದರ್ಶಕ ವೀಸಾದ ಮೇಲೆ ಒಳಬಿಡುವುದಿಲ್ಲ ಎಂದಾಗ ಅಡ್ಡಹೆಸರಿನ ಮನೆ ಖಾಲಿ ಬಿಟ್ಟಿದ್ದ ಎಷ್ಟೋ ಭಾರತೀಯರು ಪೇಚಾಡಿದರು.

ಊರ ಹೆಸರಿನದೂ ಇದೇ ಪಾಡು. ಜಮಖಂಡಿ, ಬೀಳಗಿ, ರಬಕವಿ, ಬನಹಟ್ಟಿ ಇವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನಡುವೆ ಒಂದು 'ಎ' ಬರುತ್ತದೆ, ಹೋಗುತ್ತದೆ. ನಿಮ್ಮ ತಂದೆಯವರ ದಾಖಲೆಯಲ್ಲಿ ಬಿಜಾಪುರ ಜಿಲ್ಲೆ, ನಿಮ್ಮದರಲ್ಲಿ ಬಾಗಲಕೋಟೆ ಜಿಲ್ಲೆ. 1997ರಲ್ಲಿ ಜಿಲ್ಲೆ ಒಡೆದದ್ದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ, ಪುನರ್ವಸತಿ ಕೇಂದ್ರಗಳಾಗಿ ಬೇರೆ ಕಡೆ ಎದ್ದಿವೆ. ಅದೃಷ್ಟಕ್ಕೆ, ರೆಸ್ಯೂಮಿನಲ್ಲಿ ಹುಟ್ಟಿದ ಊರು ಬೇಕಾಗಿಲ್ಲ. ಈಗ ಇರುವ ಊರು, ರಾಜ್ಯ, ದೇಶ ಸಾಕು. ವೀಸಾ ಅರ್ಜಿ ಬಂದಾಗ ಪಾಸ್‌ಪೋರ್ಟಿನಲ್ಲಿ ಇದ್ದಂತೆ ತುಂಬಿರಿ.

ವಿಶ್ವವಿದ್ಯಾಲಯದ ಹೆಸರಿನಲ್ಲಿ ಮಾತ್ರ ಬಹಳ ಎಚ್ಚರ ಬೇಕು. ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಅದರ ವ್ಯಾಪ್ತಿಗೆ ಬಂದವು. ಒಂದೇ ಕಾಲೇಜಿನಲ್ಲಿ ಓದಿದ ಅಕ್ಕನ ಪ್ರಮಾಣಪತ್ರದಲ್ಲಿ ಒಂದು ಹೆಸರು, ತಂಗಿಯದರಲ್ಲಿ ಇನ್ನೊಂದು. ಎಂಜಿನಿಯರಿಂಗ್ ಕಾಲೇಜುಗಳೂ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿದಾಗ ಹೀಗೆಯೇ ಬದಲಾದವು. ಜರ್ಮನಿಯವರು 'ಅನಾಬಿನ್' ಎಂಬ ತಮ್ಮ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯವನ್ನು ಹುಡುಕುತ್ತಾರೆ, ಕೆನಡಾ-ಅಮೆರಿಕಗಳಿಗೆ ಹೋಗುವವರ ಪದವಿಗಳನ್ನು ತೂಗಿ ಹೇಳುವ ಸಂಸ್ಥೆಗಳೇ ಬೇರೆ ಇವೆ. ಎಲ್ಲರೂ ನೋಡುವುದು ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಹೆಸರನ್ನು. ಅದನ್ನೇ ಬರೆಯಿರಿ, ಕಾಲೇಜಿನ ಹೆಸರು ಅದರ ನಂತರ ಬರಲಿ.

'ಪಿ.ಯು. ಕಾಲೇಜು' ಎಂಬ ಮಾತನ್ನೂ ಹಾಗೇ ಕಳಿಸಬೇಡಿ. ಅಮೆರಿಕದವರಿಗೆ ಕಾಲೇಜು ಎಂದರೆ ಪದವಿ. ಎರಡು ವರ್ಷ ಓದಿ ಬಿಟ್ಟ ಪದವಿ ಎಂದುಕೊಂಡಾರು. 'ಹನ್ನೆರಡನೆಯ ತರಗತಿ', 'ಹತ್ತನೆಯ ತರಗತಿ' ಎಂದರೆ ಗೊಂದಲವಿಲ್ಲ. 'ಫಸ್ಟ್ ಕ್ಲಾಸ್' ಎನ್ನುವುದು ನಮ್ಮಲ್ಲಿ ಸಾಮಾನ್ಯವಾಗಿ 60 ಪ್ರತಿಶತಕ್ಕೆ ಸಿಗುತ್ತದೆ, ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ 70ಕ್ಕೆ. ಜರ್ಮನಿಯಲ್ಲಿ 1 ಎಂದರೆ ಅತ್ಯುತ್ತಮ, 5 ಎಂದರೆ ನಪಾಸು! ಆದುದರಿಂದ ನೀವೇ ಲೆಕ್ಕ ಹಾಕಿ ಬದಲಿಸಲು ಹೋಗದೆ, 'ಹತ್ತಕ್ಕೆ 8.1' ಎಂಬಂತೆ ಎಷ್ಟಕ್ಕೆ ಎಷ್ಟು ಎಂದು ಬರೆದುಬಿಡಿ.

ತಾರೀಕಿನ ವಿಷಯ. 05/07 ಎಂದರೆ ನಮಗೆ ಜುಲೈ 5, ಅಮೆರಿಕದವರಿಗೆ ಮೇ 7. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಮುಗಿಯಿತು. ಇನ್ನು ಹುಟ್ಟಿದ ದಿನ: ಶಾಲೆಗೆ ಸೇರಿಸುವಾಗ ಮಾಸ್ತರರು ಅರ್ಧ ತರಗತಿಯನ್ನೇ ಜೂನ್ 1ರಂದು ಹುಟ್ಟಿಸಿದ್ದಾರೆ. ನಿಮ್ಮ ತಾಯಿ ಹೇಳುವ ದಿನ ಬೇರೆಯೇ ಇರಬಹುದು. ಆದರೆ ಕಾಗದದ ಲೋಕದಲ್ಲಿ ಒಮ್ಮೆ ಜೂನ್ 1 ಆದವರು ಎಲ್ಲ ಕಾಗದದಲ್ಲಿಯೂ ಜೂನ್ 1ರವರೇ ಆಗಿರಬೇಕು. ಲಕ್ಷ, ಕೋಟಿ ಎಂಬ ಮಾತುಗಳು ನಮ್ಮ ಉಪಖಂಡದ ಆಚೆ ನಡೆಯುವುದಿಲ್ಲ. ಎರಡು ಲಕ್ಷ ಮೀಟರ್ ಬಟ್ಟೆಯನ್ನು ಇನ್ನೂರು ಸಾವಿರ ಎಂದು ಹೇಳಬೇಕು.

ಇಂಗ್ಲಿಷಿನ ಬಗ್ಗೆ ಒಂದೆರಡು ಮಾತು. 'ಪಾಸ್ಡ್ ಔಟ್ ಇನ್ 2023' ಎಂದು ನಾವೆಲ್ಲ ಬರೆಯುತ್ತೇವೆ. ಹೊರದೇಶದಲ್ಲಿ ಅದರ ಮೊದಲ ಅರ್ಥ, 2023ರಲ್ಲಿ ಎಚ್ಚರ ತಪ್ಪಿ ಬಿದ್ದರು ಎಂದು! 'ಗ್ರ್ಯಾಜುಯೇಟೆಡ್' ಅಥವಾ 'ಕಂಪ್ಲೀಟೆಡ್' ಎನ್ನಿ. ಸರಳವಾದ ಚಿಕ್ಕ ವಾಕ್ಯಗಳೇ ಸಾಕು, ಡಿ.ಟಿ.ಪಿ. ಅಂಗಡಿಯ ಆ ಎರಡು ಸಾಲು ಬೇಡವೇ ಬೇಡ. ಈಗ ದೊಡ್ಡ ಕಂಪನಿಗಳಲ್ಲಿ ಹಾಳೆಯನ್ನು ಮೊದಲು ಓದುವುದು ಮನುಷ್ಯರಲ್ಲ, ಕಂಪ್ಯೂಟರ್. ಬಣ್ಣದ ಗೆರೆ, ಚೌಕಟ್ಟು, ಕೋಷ್ಟಕ ಇದ್ದರೆ ಅದಕ್ಕೆ ಅಕ್ಷರ ಸಿಗದೆ ಹೋಗಬಹುದು. ಜಾಹೀರಾತಿನಲ್ಲಿ ಅವರು ಕೆಲಸಕ್ಕೆ ಯಾವ ಪದ ಬಳಸಿದ್ದಾರೋ, ಅದು ನಿಮಗೆ ನಿಜವಾಗಿ ಬರುವ ಕೆಲಸವಾಗಿದ್ದರೆ, ಅದೇ ಪದವನ್ನು ಬಳಸಿರಿ.

ಏಜೆಂಟರು ತಿದ್ದಿದ ಹಾಳೆ

"ನಿನ್ನ ಬಯೋಡೇಟಾ ನನ್ನ ಕಡೆ ಬಿಡು, ನಾನು ಸರಿ ಮಾಡಿ ಕಳಿಸ್ತೀನಿ" ಎನ್ನುವ ಏಜೆಂಟರು ಇದ್ದಾರೆ. ಎರಡು ವರ್ಷದ ಅನುಭವ ಅವರ ಕೈಯಲ್ಲಿ ಆರು ವರ್ಷವಾಗುತ್ತದೆ. ಎಂದೂ ಕಾಣದ ಕಾರ್ಖಾನೆಯ ಅನುಭವ ಪತ್ರ ತಯಾರಾಗುತ್ತದೆ. ನಿಮಗೆ ತೋರಿಸದೆಯೇ ಕಳಿಸುವುದೂ ಉಂಟು. ಹೊಂದಿಸುವುದಕ್ಕೂ ಸುಳ್ಳು ಹೇಳುವುದಕ್ಕೂ ಇರುವ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ಕೆಲಸದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಒಳ್ಳೆಯದೇ ಆಯಿತು ಎನ್ನಬೇಕು. ಸಿಕ್ಕಿಬೀಳದೆ ಹೋಗಿ, ಎಂದೂ ನಡೆಸದ ಬಾಯ್ಲರಿನ ಮುಂದೆ ಆರು ವರ್ಷದ ಅನುಭವಿಯಾಗಿ ನಿಂತರೆ? ಆ ಸುಳ್ಳು ಹೇಳಿದವನೊಬ್ಬನನ್ನೇ ಸುಡುವುದಿಲ್ಲ. ಕಳಿಸುವ ಹಾಳೆಯ ಒಂದು ಪ್ರತಿ ನಿಮ್ಮ ಕೈಗೆ ಬರದೆ ಯಾರಿಗೂ ಕಳಿಸಲು ಒಪ್ಪಬೇಡಿ.

1983ರ ವಲಸೆ ಕಾಯ್ದೆಯಡಿ ಪರದೇಶಕ್ಕೆ ಜನರನ್ನು ಕಳಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರು, ನೋಂದಣಿ ಸಂಖ್ಯೆ ಇದೆಯೇ ಎಂದು ನೀವೇ ನೋಡಬಹುದು. ನೋಂದಾಯಿತ ಏಜೆಂಟರಿಗೂ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ರಸೀದಿಯೊಂದಿಗೆ. ಇದು ತಿಳಿಯದೆ ತಾಯಿಯ ಬಂಗಾರ ಒತ್ತೆಯಿಟ್ಟು, ಎತ್ತು ಮಾರಿ ಲಕ್ಷಗಟ್ಟಲೆ ಕೊಡುವ ಮನೆಗಳಿವೆ. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿ ಗೊತ್ತಾದ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸಾಮಾನ್ಯವಾಗಿ ವಲಸೆ ರಕ್ಷಣಾಧಿಕಾರಿಗಳ ಅನುಮತಿ ಪಡೆಯಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ಒಂದು ವಿಷಯವನ್ನು ಪಾಸು ಮಾಡಿಕೊಂಡರೆ ಆ ಅಲೆದಾಟ ತಪ್ಪುತ್ತದೆ. ಈ ಮಾತನ್ನು ಮನೆಯಲ್ಲಿರುವ ಅಣ್ಣಂದಿರಿಗೂ ಹೇಳಿ.

ಸಂದರ್ಶನವೇ ಇಲ್ಲದೆ, ನಿಮ್ಮ ಹಾಳೆಯನ್ನು ಓದಿದ ಗುರುತೂ ಇಲ್ಲದೆ, ದೊಡ್ಡ ಸಂಬಳದ ಪತ್ರ ಬಂದರೆ ಹಿಗ್ಗಬೇಡಿ. 2022ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಇಂಥದೇ ಎಚ್ಚರಿಕೆ ಕೊಟ್ಟಿತು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದು, ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು, ಬೇರೆಯವರಿಗೆ ಮೋಸ ಮಾಡುವ ಕೆಲಸಕ್ಕೆ ಕೂಡಿಹಾಕಿದ ಜಾಲ ಅದು. ಬಲೆಗೆ ಬಿದ್ದವರು ಓದಿದ ಹುಡುಗರು.

ಇನ್ನು ಹಾಳೆ ಕಳಿಸುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಕಸುಬು ಗೊತ್ತಿಲ್ಲದ ಒಬ್ಬರಿಗೆ, ನಿಮ್ಮ ಇಂಗ್ಲಿಷ್ ಮೇಷ್ಟ್ರಿಗಾದರೂ ಸರಿ, ಓದಲು ಕೊಡಿ. ಅವರು ಎಲ್ಲಿ ನಿಂತು "ಇದು ಏನಪ್ಪಾ?" ಎಂದು ಕೇಳುತ್ತಾರೋ ಅಲ್ಲಿ ಇನ್ನೊಂದು ಸಾಲು ಬೇಕು. ಫೋನ್ ಸಂಖ್ಯೆಯ ಮುಂದೆ ಸೊನ್ನೆ ತೆಗೆದು 91 ಸೇರಿಸಿ. ಮನೆಯವರಿಗೆ ಹೊತ್ತಿನ ವ್ಯತ್ಯಾಸವನ್ನೂ ಹೇಳಿಡಿ. ದುಬೈಯಲ್ಲಿ ಬೆಳಿಗ್ಗೆ 9 ಆದಾಗ ನಮ್ಮಲ್ಲಿ 10-30, ಕಂಪಾಲದಲ್ಲಿ 9 ಆದಾಗ 11-30. ಟೋಕಿಯೋದ 9 ಗಂಟೆ ಎಂದರೆ ನಮ್ಮಲ್ಲಿ ನಸುಕಿನ 5-30; ಆ ಹೊತ್ತಿಗೆ ಫೋನ್ ಬಂದರೆ ಅಕ್ಕಪಕ್ಕದ ಮಗ್ಗದ ಸದ್ದು ಸುರುವಾಗುವ ಮೊದಲು ಮಾತು ಮುಗಿಸಿಕೊಳ್ಳಿ.